ಮರದ ಮೇಲಿನ ಹಗ್ಗದಾಟ: ಬಲೆಯೋ, ಸಣ್ಣ ಕೋರ್ಸೋ, ದೊಡ್ಡ ಕೋರ್ಸೋ?

ಇಂಗ್ಲೆಂಡಿನಲ್ಲಿ ಬೇಸಿಗೆ ರಜೆ ಬಂತೆಂದರೆ ಮಕ್ಕಳಿರುವ ಮನೆಯಲ್ಲಿ ಹಗ್ಗದ ಪಾರ್ಕಿನ, ಅಂದರೆ ಮರದಿಂದ ಮರಕ್ಕೆ ಹಗ್ಗ, ಹಲಗೆಗಳ ಮೇಲೆ ದಾಟಿ ಹೋಗುವ ಆಟದ ಜಾಗದ, ಮಾತು ಬಂದೇ ಬರುತ್ತದೆ. ದೂರದಿಂದ ಎಲ್ಲ ಒಂದೇ ಥರ ಕಾಣುತ್ತವೆ, ಆದರೆ ಮುಖ್ಯವಾಗಿ ಮೂರು ಬಗೆ. ಮರಗಳ ನಡುವೆ ಬಿಗಿದ ದೊಡ್ಡ ಬಲೆ, ಚಿಕ್ಕವರ ಕೋರ್ಸ್, ದೊಡ್ಡವರ ಕೋರ್ಸ್. ಆರು ವರ್ಷದ ಮಗ, ಹತ್ತು ದಾಟಿದ ಮಗಳ ಜೊತೆ ಮೂರಕ್ಕೂ ಹೋಗಿ ಬಂದೆವು. ಬುಕ್ ಮಾಡುವಾಗ ಎಲ್ಲರೂ ಕೇಳುವುದು ಎಷ್ಟು ಎತ್ತರ ಅಂತ. ನಾನು ಕೇಳುವುದು, ಬೀಳದಂತೆ ಸೊಂಟದ ಬೆಲ್ಟಿನ ಹಗ್ಗವನ್ನು ತಂತಿಗೆ ಸಿಕ್ಕಿಸುವ ಕೊಕ್ಕೆ ಯಾರ ಕೈಯಲ್ಲಿ ಅಂತ.

ಬಲೆಯಲ್ಲಿ ಕೊಕ್ಕೆಯೇ ಇಲ್ಲ. ಸೊಂಟಕ್ಕೆ ಬೆಲ್ಟು ಕಟ್ಟುವ ಗೊಡವೆಯೂ ಇಲ್ಲ. ಸುತ್ತ ಬಲೆಯ ಗೋಡೆ, ಕೆಳಗೂ ಬಲೆ, ಓಡು, ಕುಣಿ, ಬೀಳು, ಅಷ್ಟೇ. ವೇಲ್ಸಿನ ಬೆಟುಸ್-ಅ-ಕೋಯ್ಡ್ ಊರಿನ ಕಾಡಿನಲ್ಲಿ ಇಂಥದ್ದೊಂದಿದೆ, ಬೇರೆ ಕಡೆಯೂ ಇವೆ. ಸರದಿ ಕಾಯಬೇಕಿಲ್ಲ, ಅದೇ ದೊಡ್ಡ ಲಾಭ. ವೇಲು ಕೆಳಗಿಟ್ಟು ನಮ್ಮತ್ತೆಯೂ ಒಂದು ಸುತ್ತು ಹಾಕಿ ಬಂದರು. ಜೇಬಿನಲ್ಲಿ ಮಾತ್ರ ಏನೂ ಇಟ್ಟುಕೊಳ್ಳಬೇಡಿ, ಕಾರಿನ ಕೀ ಬಲೆಯ ಕಣ್ಣಿನಿಂದ ಸಲೀಸಾಗಿ ಜಾರುತ್ತೆ. ಮಗ ಬೆವರಿ ಒದ್ದೆಯಾಗಿ ಕುಣಿದ. ಮಗಳು ಅರ್ಧ ಗಂಟೆಗೇ "ಇಷ್ಟೇನಾ?" ಅಂದಳು.

ಚಿಕ್ಕವರ ಕೋರ್ಸಿನಲ್ಲಿ ಸಿಬ್ಬಂದಿ ಶುರುವಿನಲ್ಲೇ ಮಗುವಿನ ಹಗ್ಗವನ್ನು ತಲೆಯ ಮೇಲಿನ ತಂತಿಗೆ ಸಿಕ್ಕಿಸುತ್ತಾರೆ. ಕೊನೆ ಮುಟ್ಟುವವರೆಗೆ ಅದು ಬಿಚ್ಚುವುದಿಲ್ಲ. ಮಗು ಮರೆತರೂ ಹಗ್ಗ ಮರೆಯಲ್ಲ. ಹಗ್ಗದ ಪಾರ್ಕುಗಳನ್ನು ನಡೆಸುವ ಗೋ ಏಪ್ ಕಂಪನಿಯ ಇಂಥ ಕೋರ್ಸಿಗೆ ಒಂದು ಮೀಟರ್ ಎತ್ತರವಿದ್ದರೆ ಸಾಕು. ಅಪ್ಪ ಅಮ್ಮ ಕೆಳಗೆ ನಡೆದುಕೊಂಡೇ ಜೊತೆಗಿರಬಹುದು. ತೊಂದರೆ ಇರುವುದೂ ಅದೇ ತಂತಿಯಲ್ಲಿ. ಮುಂದಿನ ಮಗು ಹೆದರಿ ನಿಂತರೆ ಹಿಂದಿನವರು ದಾಟಿ ಹೋಗುವಂತಿಲ್ಲ. ನಾವು ಹೋಗಿದ್ದು ಭಾನುವಾರ, ಜೊತೆಗೆ ಯಾರದೋ ಹುಟ್ಟುಹಬ್ಬದ ಗುಂಪು. ಅಲುಗಾಡುವ ಹಲಗೆಯ ಮುಂದೆ ಒಂದು ಪುಟ್ಟ ಹುಡುಗಿ ಕಂಬ ತಬ್ಬಿ ನಿಂತಳು. ಸಿಬ್ಬಂದಿ ಏಣಿ ತಂದು ಇಳಿಸುವಷ್ಟರಲ್ಲಿ ಹಿಂದಿನ ಕಟ್ಟೆಯ ಮೇಲೆ ಐದಾರು ಮಕ್ಕಳು, ಅದರಲ್ಲೊಬ್ಬ ನಮ್ಮವನು, "ಅಪ್ಪಾ, ಉಚ್ಚೆ" ಅಂತ ಕೂಗುತ್ತಿದ್ದ! ಹತ್ತಿಸುವ ಮೊದಲೇ ಹೋಗಿಸಿ ಬನ್ನಿ. ಸೊಂಟದ ಬೆಲ್ಟು ಬಿಚ್ಚಿ ಮತ್ತೆ ಹಾಕಿಸುವುದು ಸುಲಭವಲ್ಲ.

ದೊಡ್ಡವರ ಕೋರ್ಸಿನ ಗತ್ತೇ ಬೇರೆ. ಫ್ರಾನ್ಸಿನಲ್ಲಿ ಕಂಡ ಇಂಥ ಆಟವನ್ನು ಗೋ ಏಪ್‌ನವರು 2002ರಲ್ಲಿ ಇಂಗ್ಲೆಂಡಿನ ಥೆಟ್‌ಫರ್ಡ್ ಕಾಡಿಗೆ ತಂದರು. ಅವರ ದೊಡ್ಡ ಕೋರ್ಸಿಗೆ ಹತ್ತು ವರ್ಷ ತುಂಬಿರಬೇಕು, 1.4 ಮೀಟರ್ ಎತ್ತರ ಇರಬೇಕು, ಮಕ್ಕಳ ಜೊತೆ ದೊಡ್ಡವರೊಬ್ಬರು ಮೇಲೆ ಹತ್ತಲೇಬೇಕು. ಅಂದರೆ ನಮಗೂ ಟಿಕೆಟ್. ಇಂಥ ಎಷ್ಟೋ ಕೋರ್ಸುಗಳಲ್ಲಿ ಪ್ರತಿ ಮರದ ಹತ್ತಿರ ಕೊಕ್ಕೆ ಬದಲಿಸುವ ಕೆಲಸ ಹತ್ತಿದವರದೇ. ನಾವು ಹೋದಲ್ಲಿ ಕೊಕ್ಕೆ ಎರಡಿದ್ದವು. ಒಂದು ತಂತಿ ಕಚ್ಚಿದ್ದರೆ ಮಾತ್ರ ಇನ್ನೊಂದು ತೆರೆಯುತ್ತದೆ. ಮಗಳು ಮೊದಲ ಎರಡು ಮರದಲ್ಲಿ ಇಬ್ಬರದೂ ನನ್ನ ಕೈಲೇ ಮಾಡಿಸಿದಳು. ಆಮೇಲೆ "ಟಕ್" ಅನ್ನುವ ಸದ್ದು ಕೇಳಿದ ಮೇಲೇ ಕೈ ಬಿಡುವುದು ಅಭ್ಯಾಸವಾಯಿತು. ನನಗೇ "ಅಪ್ಪಾ, ನಿಮ್ಮದು ಹಾಕಿಲ್ಲ ನೋಡಿ" ಅನ್ನತೊಡಗಿದಳು. ತಂತಿಗೆ ನೇತುಬಿದ್ದು ಜಾರಿ ಇಳಿಯುವ ಜಿಪ್ ಲೈನಿನಲ್ಲಿ ಮರದ ಚೂರಿನ ರಾಶಿಗೆ ಬೆನ್ನಡಿಯಾಗಿ ಬಂದು ಬಿದ್ದೆ, ಅವಳು ನಿಂತೇ ಇಳಿದಳು.

ಕೆಳಗೆ ನಿಂತಿದ್ದ ನಮ್ಮ ಮಾವ, ಶಿರಸಿ ಕಡೆಯವರು, ಇದನ್ನೆಲ್ಲ ನೋಡಿ "ಅಡಿಕೆ ಕೊಯ್ಯೋ ನಮ್ಮ ಕೊನೆಗೌಡ ಕಾಲಿಗೆ ಬಳೆಯಂಥ ಒಂದು ತಳೆ ಹಾಕ್ಕೊಂಡು ಅಡಿಕೆ ಮರದಿಂದ ಮರಕ್ಕೆ ಹೋಗ್ತಾನೆ, ನೀವು ದುಡ್ಡು ಕೊಟ್ಟು ಹೋಗ್ತೀರಿ" ಅಂದರು. ಮಾತಿಗೆ ಎದುರಿಲ್ಲ.

ಮಳೆ ಬಂದರೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ಜೋರು ಗಾಳಿ, ಗುಡುಗು ಇದ್ದರೆ ಮುಚ್ಚುತ್ತಾರೆ. ಕೂದಲು ಕಟ್ಟಿ, ಉಂಗುರ ಬಳೆ ಮನೆಯಲ್ಲೇ ಬಿಡಿ.

ದುಡ್ಡಿನ ಲೆಕ್ಕಕ್ಕೆ ದೊಡ್ಡ ಕೋರ್ಸೇ ಜಾಸ್ತಿ, ಆದರೂ ಕೊಟ್ಟದ್ದಕ್ಕೆ ಮೋಸವಿಲ್ಲ, ಎರಡು ಮೂರು ಗಂಟೆ ಆಗುತ್ತದೆ. ಮಗನಿಗೆ ಸದ್ಯಕ್ಕೆ ಸಣ್ಣ ಕೋರ್ಸೇ, ರಜೆಯ ಮಂಗಳವಾರವೋ ಬುಧವಾರವೋ ಬೆಳಿಗ್ಗೆಯ ಮೊದಲ ಸರದಿಗೆ. ಬಲೆಗೆ ಹೋಗುವುದು ಊರಿಂದ ನೆಂಟರು, ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಬಂದಾಗ ಮಾತ್ರ.