ಫೋನು ನನ್ನ ಕೈಲಿ, ಪುಸ್ತಕ ಮಗುವಿನ ಕೈಲಿ: ಸ್ಟೋರಿವೀವರ್ ಬಳಸಿದ ಅನುಭವ

ಮೊಮ್ಮಗ ಸೀಬೆ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಎರಡನೇ ಕ್ಲಾಸು. ಆರು ವಾರ ಕಟ್ಟು ಬಿಚ್ಚುವ ಹಾಗಿಲ್ಲ ಅಂದಿದ್ದಾರೆ ಡಾಕ್ಟರು. ಅವನ ಮಿಸ್ ದಿನಾ ಸಂಜೆ ವಾಟ್ಸಾಪಿನಲ್ಲಿ ಪಾಠದ ಫೋಟೋ ಕಳಿಸುತ್ತಾರೆ, ಪಾಪ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಇವನ ಜೊತೆ ಇರೋದು ನಾನೇ. ಹಾಗಾಗಿ ಮತ್ತೆ ಸ್ಟೋರಿವೀವರ್ ಅನ್ನೋ ಮಕ್ಕಳ ಪುಸ್ತಕಗಳ ಜಾಲತಾಣ ತೆರೆದೆ. 2020ರಲ್ಲಿ ಶಾಲೆ ಮುಚ್ಚಿದಾಗ ಇವನ ಅಕ್ಕನಿಗೆ ನಾನು ಓದು ಕಲಿಸಿದ್ದು ಇದನ್ನೇ ಹಿಡಿದುಕೊಂಡು.

ನಾನು ಮಂಡ್ಯದಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಬೋರ್ಡು ಓದಲು ಬಾರದ ಎಷ್ಟೋ ಜನರನ್ನು ನೋಡಿದ್ದೇನೆ. "ಅಣ್ಣಾ, ಇದು ಮಳವಳ್ಳಿಗೆ ಹೋಯ್ತದಾ?" ಅಂತ ಕೇಳುವಾಗ ಅವರ ದನಿ ಸಣ್ಣಗಾಗುತ್ತಿತ್ತು. ಬಸ್ಸಿನ ನೆತ್ತಿಯ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದರೂ ಕೇಳಬೇಕು. ಆ ದನಿ ನನ್ನ ಕಿವಿಯಿಂದ ಹೋಗಿಲ್ಲ. ನಮ್ಮ ಮನೆಯ ಮಕ್ಕಳು ಓದಲೇಬೇಕು ಅನ್ನೋ ಹಠ ಅಲ್ಲಿಂದ ಬಂದಿದ್ದು.

ಮೊಮ್ಮಗಳು ಒಂದನೇ ಕ್ಲಾಸಿಗೆ ಸೇರುವ ವರ್ಷವೇ ಕೊರೊನಾ ಬಂತು. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರರವರೆಗೆ ನಲಿಕಲಿ. 1995ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ ಶುರುವಾದ ಪದ್ಧತಿ ಅದು. ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಕಲಿಯೋದು. ಅದನ್ನು ಫೋನಿನೊಳಗೆ ತರೋದು ಹೇಗೆ? ಒಂದರಿಂದ ಐದನೇ ತರಗತಿಗೆ ಬಾಗಿಲು ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಅವಳು ಎರಡನೇ ಕ್ಲಾಸು. ಒಂದನೇ ಕ್ಲಾಸಿನ ಬೆಂಚಿನ ಮೇಲೆ ಒಂದು ದಿನವೂ ಕೂರಲಿಲ್ಲ.

ಆಗ ಒಂದು ಕಂಪನಿಯವರು ಫೋನ್ ಮೇಲೆ ಫೋನ್ ಮಾಡಿ ತಿಂಗಳ ಕಂತಿನ ಆ್ಯಪ್ ಹಾಕಿಸಿದರು. ಪ್ರಾಣಿಗಳು ಕುಣಿಯುತ್ತಿದ್ದವು, ಮಗು ಸುಮ್ನೆ ನೋಡುತ್ತಿತ್ತು. ಕಲಿಯುತ್ತಿದ್ದಾಳೆ ಅಂದುಕೊಂಡೆವು. ಎರಡು ತಿಂಗಳಾದ ಮೇಲೆ ಸ್ಲೇಟಿನಲ್ಲಿ "ಮರ" ಅಂತ ಬರೆದು ಓದು ಅಂದೆ. ನನ್ನ ಮುಖ ನೋಡಿದಳು. "ತಾತ, ವಿಡಿಯೋದಲ್ಲಿ ಆಂಟಿನೇ ಹೇಳ್ತಾರೆ" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ಟೋರಿವೀವರ್ ಬಗ್ಗೆ ಹೇಳಿದ್ದು ಅವಳ ಮಿಸ್. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಜಾಲತಾಣ. ಮಕ್ಕಳ ಚಿತ್ರಪುಸ್ತಕಗಳು, ಕನ್ನಡದಲ್ಲೇ ಬೇಕಾದಷ್ಟಿವೆ, ದುಡ್ಡಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಪುಸ್ತಕವನ್ನು ಪಿಡಿಎಫ್ ಆಗಿ ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು ಅನ್ನೋದು. ಫೋನಿನಲ್ಲಿ ಹುಡುಕೋದು ನನ್ನ ಕೆಲಸ. ಮಗುವಿನ ಕೈಗೆ ಸಿಗೋದು ಕಾಗದ.

"ಹೀಗೆ ಪ್ರಿಂಟ್ ಹಾಕ್ಸೋದು ತಪ್ಪಲ್ವಾ ಸಾರ್?" ಅಂತ ಜೆರಾಕ್ಸ್ ಅಂಗಡಿಯ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ತಪ್ಪಲ್ಲ. ಈ ಪುಸ್ತಕಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಹಂಚಬಹುದು, ಬೇರೆ ಭಾಷೆಗೂ ತರಬಹುದು. ಕಪ್ಪು ಬಿಳುಪಿನಲ್ಲೇ ಹಾಕಿಸಿ. ಒಂದು ಹಾಳೆಗೆ ಎರಡು ಪುಟ ಬರುವ ಹಾಗೆ ಹಾಕಿಸಿದರೆ ಖರ್ಚು ಅರ್ಧ. ಬಣ್ಣ ಮಗುವೇ ಹಚ್ಚಲಿ. ನಮ್ಮ ಮನೆಯಲ್ಲಿ ನಮ್ಮವಳು ದಬ್ಬಣ, ದಾರ ತಂದು ಹೊಲಿದು ಕೊಡುತ್ತಿದ್ದಳು. ಹೊಲಿದ ಪುಸ್ತಕವನ್ನು ಮೊಮ್ಮಗಳು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು.

ಪುಸ್ತಕಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಒಂದನೇ ಹಂತದಲ್ಲಿ 250ರ ಒಳಗೆ ಪದಗಳು, ಎರಡರಲ್ಲಿ 600ರವರೆಗೆ, ಮೂರರಲ್ಲಿ 1500ರವರೆಗೆ, ನಾಲ್ಕರಲ್ಲಿ ಅದಕ್ಕೂ ಜಾಸ್ತಿ. ಮಗುವಿನ ಕ್ಲಾಸು ನೋಡಿ ಆರಿಸಬೇಡಿ. ಈಗ ಎಷ್ಟು ಓದಲು ಬರುತ್ತದೆ ಅಂತ ನೋಡಿ ಆರಿಸಿ. ಎರಡನೇ ಕ್ಲಾಸಿನ ನಮ್ಮ ಹುಡುಗನೂ ಒಂದನೇ ಹಂತದಿಂದಲೇ ಶುರು ಮಾಡಿದ. ಅದರಲ್ಲಿ ಒಂದೇ ಮಾತು ಪುಟ ಪುಟಕ್ಕೂ ತಿರುಗಿ ಬರುತ್ತದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮಗುವಿಗೆ ಧೈರ್ಯ ಬಂದಿರುತ್ತದೆ. ಮೊದಲ ಸಲ ನಾನು ಬೆರಳಿಟ್ಟು ಓದುತ್ತೇನೆ. ಆಮೇಲೆ ಇಬ್ಬರೂ ಸೇರಿ. ಆಮೇಲೆ ಅವನೊಬ್ಬನೇ.

ಕಷ್ಟ ಇರೋದು ಒತ್ತಕ್ಷರದಲ್ಲಿ. ಮೊಮ್ಮಗಳು "ಅಕ್ಕ" ಅನ್ನೋದನ್ನು "ಅಕ" ಅಂತಲೇ ಓದುತ್ತಿದ್ದಳು. ತಿದ್ದಿದರೆ ಅಳು. ಕೊನೆಗೆ ಒಂದು ಉಪಾಯ ಮಾಡಿದೆ. ಓದುವ ಮೊದಲೇ ಕೆಂಪು ಪೆನ್ಸಿಲ್ ಕೊಟ್ಟು, ಕೆಳಗೆ ನೇತಾಡುವ ಅಕ್ಷರಗಳಿಗೆಲ್ಲ ಸುತ್ತು ಹಾಕು ಅಂದೆ. ಹುಡುಕೋದು ಅವಳಿಗೆ ಆಟವಾಯಿತು. ಸುತ್ತು ಕಂಡ ಕೂಡಲೇ ಒಂದು ಕ್ಷಣ ನಿಲ್ಲುತ್ತಿದ್ದಳು. ಆ ನಿಲ್ಲೋದೇ ಬೇಕಿತ್ತು. ಸ್ವಂತ ಪ್ರಿಂಟ್ ಇದ್ದುದರಿಂದ ಪುಸ್ತಕದ ಮೇಲೆ ಗೀಚಲು ಹೆದರಿಕೆ ಇರಲಿಲ್ಲ, ನೋಡಿ. ಸರಿಯಾಗಿ ಓದಿದ್ದನ್ನು ರೆಕಾರ್ಡ್ ಮಾಡಿ ಮಿಸ್‌ಗೆ ಕಳಿಸುತ್ತಿದ್ದೆ. ಅವರು ತಿರುಗಿ ದನಿಯಲ್ಲೇ "ಭೇಷ್ ಪುಟ್ಟಿ" ಅಂದರೆ ಅದನ್ನು ಹತ್ತು ಸಲ ಕೇಳುತ್ತಿದ್ದಳು.

ಕೆಲವು ಕಥೆಗಳಲ್ಲಿ ನಮ್ಮ ಕಡೆ ಬಳಸದ ಪದ ಬರುತ್ತದೆ. "ಪೇರಲ" ಅಂತ ಇತ್ತು ಒಂದರಲ್ಲಿ. ನಮ್ಮಲ್ಲಿ ಸೀಬೆ ಅಲ್ವಾ? ಎರಡನ್ನೂ ಹೇಳಿಕೊಟ್ಟೆ. ಮಗುವಿಗೆ ಒಂದು ಪದ ಲಾಭ.

ಒಂದು ಮಾತು ತಿಳಿದಿರಲಿ. ಇದು ಪಠ್ಯ ಕಲಿಸುವ ಜಾಗ ಅಲ್ಲ, ಓದುವ ರೂಢಿಗೆ ಇರೋದು. ಪಾಠಕ್ಕೆ ಸರ್ಕಾರದ ದೀಕ್ಷಾ ಆ್ಯಪ್ ಇದೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ್ದು ಸಿಗುತ್ತದೆ. ಕೂಡೋ ಕಳೆಯೋ ಲೆಕ್ಕ ನಾನು ಚಿಲ್ಲರೆ ಕಾಸಿನಲ್ಲಿ ಕಲಿಸುತ್ತೇನೆ, ಅದಕ್ಕೆ ಯಾವ ಆ್ಯಪೂ ಬೇಡ. ಸಣ್ಣ ಮಕ್ಕಳನ್ನು ತುಂಬಾ ಹೊತ್ತು ಪರದೆ ಮುಂದೆ ಕೂರಿಸಬೇಡಿ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ ಎರಡೇ ಆನ್‌ಲೈನ್ ಕ್ಲಾಸು, ಒಂದೊಂದು 30ರಿಂದ 45 ನಿಮಿಷ ಅಂತ ಮಿತಿ ಹೇಳಿತ್ತು. ನಮ್ಮ ಮನೆಯಲ್ಲಿ ಅಷ್ಟೂ ಇಲ್ಲ.

ಆ ಜಾಲತಾಣದಲ್ಲೇ ಇರುವ ಚಿತ್ರಗಳನ್ನು ಆರಿಸಿ ನಮ್ಮ ಕಥೆಯನ್ನೂ ಮಾಡಬಹುದು. 2021ರಲ್ಲಿ ಮೊಮ್ಮಗಳು ಹೇಳುತ್ತಾ ಹೋದಳು, ನಾನು ಒಂದೊಂದೇ ಅಕ್ಷರ ಒತ್ತುತ್ತಾ ಹೋದೆ. ಮೈಸೂರು ಬಸ್ಸಿನ ಕೊನೆ ಸೀಟಿನಲ್ಲಿ ನಿದ್ದೆ ಹೋಗಿ, ಶ್ರೀರಂಗಪಟ್ಟಣದಲ್ಲಿ ಇಳಿಯೋದು ಮರೆತ ಬೆಕ್ಕಿನ ಕಥೆ. ಎಂಟು ಪುಟ. ಅಜ್ಜಿ ಹೊಲಿದ ದಾರ ಇನ್ನೂ ಗಟ್ಟಿಯಾಗಿದೆ. ನಿನ್ನೆ ತಮ್ಮ ಅದನ್ನು ತೆಗೆದು, ಕಟ್ಟಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಒಬ್ಬನೇ ಓದಿದ. ಐದನೇ ಪುಟಕ್ಕೆ ನಿಂತ.

"ಬೆಕ್ಕು ಟಿಕೆಟ್ ತಗೊಂಡಿತ್ತಾ ತಾತ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅಕ್ಕ ಕೂಗಿದಳು: "ಮುಂದಿನ ಪುಟ ಓದು, ಗೊತ್ತಾಗ್ತದೆ!"