ದೋಣಿಯ ಸ್ಟೋರೇಜ್ ಮುಚ್ಚಳಕ್ಕೆ ಇಪಿಡಿಎಂ ಬೀಡಿಂಗ್, ಧಾರಾಳವಾಗಿ ತಗೋಬಹುದು
ಮಲ್ಪೆ ಕಡೆ ಸಣ್ಣ ಫೈಬರ್ ದೋಣಿ ಇರೋರಿಗೆ ಗೊತ್ತೇ ಇರುತ್ತೆ, ಒಂದು ಅಲೆ ಮೇಲೆ ಹಾಯ್ದ್ರೆ ಸಾಕು ಸ್ಟೋರೇಜ್ ಒಳಗಿನ ಬ್ಯಾಟರಿ, ಟೂಲ್ಸ್ ಎಲ್ಲಾ ಒದ್ದೆ. ಮುಚ್ಚಳದ ಸುತ್ತ ಹಾಕೋಕೆ ಈ ಇಪಿಡಿಎಂ (ಒಂದು ಬಗೆಯ ಸಿಂಥೆಟಿಕ್ ರಬ್ಬರ್) ಸ್ಪಾಂಜ್ ಬೀಡಿಂಗ್, ಅಂದ್ರೆ ಸಂದು ಮುಚ್ಚೋ ಪಟ್ಟಿ, ತಗೊಂಡೆ, ತುಂಬಾ ಖುಷಿಯಾಯ್ತು. ಇದ್ರೊಳಗಿನ ಗುಳ್ಳೆಗಳು ಒಂದಕ್ಕೊಂದು ಸೇರಿರಲ್ಲ, ಹಾಗಾಗಿ ನೀರು ಹೀರಲ್ಲ, ಬಿಸಿಲಿಗೂ ಬೇಗ ಬಿರುಕು ಬಿಡಲ್ಲ, ಮಾಮೂಲಿ ಫೋಮ್ ಪಟ್ಟಿ ಆಗಿದ್ರೆ ನೀರು ಕುಡಿದು ಕಿತ್ತು ಬರುತ್ತೆ. ಬೀಡಿಂಗ್ ಹಿಂಬದಿಯ ಗಮ್ ಮಾತ್ರ ವೀಕು, ಮೂಲೆಗಳಲ್ಲಿ ಏಳುತ್ತೆ, ಅದಕ್ಕೆ ಮುಚ್ಚಳದ ಅಂಚನ್ನ ಅಸಿಟೋನ್ ಹಾಕಿ ಒರೆಸಿ ರಬ್ಬರ್ ಅಂಟು ಹಚ್ಚಿ, ಬೀಡಿಂಗ್‌ನ ಎರಡು ತುದಿ ಸೇರೋ ಜಾಯಿಂಟ್ ಹಿಂಜ್ ಕಡೆ ಬರೋ ಹಾಗೆ ಕೂರಿಸಿ. ಆಮೇಲೆ ಬೀಡಿಂಗ್ ಮೇಲೆ ಚಾಕ್‌ಪೀಸ್ ಸವರಿ ಮುಚ್ಚಳ ಹಾಕಿ ತೆಗೀರಿ, ಎದುರಿನ ಅಂಚಲ್ಲಿ ಬಿಳಿ ಗೆರೆ ಎಲ್ಲಿ ಬಿದ್ದಿಲ್ವೋ ಅಲ್ಲೇ ನೀರು ನುಗ್ಗೋದು, ಅಲ್ಲಿ ಲಾಕ್ ಟೈಟ್ ಮಾಡ್ಕೊಳ್ಳಿ.