ಮೊಬೈಲಿಗೆ ಜೋಡಿಸುವ ತೂಕದ ಮಷೀನ್: ತೂಕ ನಂಬಬಹುದು, ಬೊಜ್ಜಿನ ಲೆಕ್ಕ ನಂಬಬೇಡಿ

ದಾವಣಗೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಚೂಡಿದಾರ್, ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತೇನೆ. ದಿನವಿಡೀ ಕೂತೇ ಇರುವ ಕೆಲಸ. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್, ಸಂಜೆ ನಮ್ಮ ರಸ್ತೆಯ ಹೆಂಗಸರ ಜಿಮ್, ಎರಡನ್ನೂ ಶುರು ಮಾಡಿದೆ. ಅದೇ ವಾರ ಮಗಳು ಆನ್‌ಲೈನಿನಲ್ಲಿ ಈ ಮಷೀನ್ ತರಿಸಿಕೊಟ್ಟಳು. ಬೆಲೆ ಸಾವಿರದ ಐನೂರರ ಹತ್ತಿರ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಗಾಜಿನ ಮಷೀನುಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ, ಹಾಗಾಗಿ ಯಾವುದನ್ನು ಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ತೂಕದ ವಿಷಯ. ಇದರಲ್ಲಿ ನನ್ನ ತಕರಾರಿಲ್ಲ. ಸೀಲ್ ಒಡೆಯದ 10 ಕೆಜಿ ಗೋಧಿ ಹಿಟ್ಟಿನ ಚೀಲ ಹಿಡಿದು ನಿಂತೆ, ಚೀಲ ಇಳಿಸಿ ಮತ್ತೆ ನಿಂತೆ. ವ್ಯತ್ಯಾಸ ಸರಿಯಾಗಿ ಬಂತು. ನೆಲ ಮಾತ್ರ ಗಟ್ಟಿಯಾಗಿ, ಸಮವಾಗಿ ಇರಬೇಕು. ಮ್ಯಾಟ್ ಮೇಲಿಟ್ಟರೆ ಅಂಕಿ ಕೆಡುತ್ತದೆ. ನಾಲ್ಕು ಕಾಲಿನಲ್ಲೂ ಭಾರ ಅಳೆಯುವ ಸೆನ್ಸರ್ ಇರುತ್ತದೆ, ಒಂದು ಕಾಲು ಮೆತ್ತಗಿನ ಜಾಗದಲ್ಲಿ ಕೂತರೂ ಲೆಕ್ಕ ತಪ್ಪಿತು ಅಂತಲೇ.

ತೊಂದರೆ ಇರುವುದು ಮೊಬೈಲಿನ ಆ್ಯಪಿನಲ್ಲಿ. ಮಷೀನ್ ಹತ್ತಿ ಇಳಿದ ಕೂಡಲೇ ಬೊಜ್ಜು ಎಷ್ಟು ಪರ್ಸೆಂಟ್, ಸ್ನಾಯು ಎಷ್ಟು, ಮೂಳೆ ಎಷ್ಟು, ನೀರು ಎಷ್ಟು ಎಂದು ಸಾಲಾಗಿ ತೋರಿಸುತ್ತದೆ. ಕೊನೆಗೆ 'ನಿಮ್ಮ ದೇಹದ ವಯಸ್ಸು' ಅಂತ ಬೇರೆ. ನಾನು ಶುರು ಮಾಡಿದಾಗ 68 ಕೆಜಿ ಇದ್ದೆ. ಎರಡು ವಾರ ಕಳೆಯುವಷ್ಟರಲ್ಲಿ 69.6 ತೋರಿಸಿತು. ಬೊಜ್ಜಿನ ಸಾಲಿನಲ್ಲಿ ಕೆಂಪು ಬಾಣ ಮೇಲಕ್ಕೆ. ಬೆಳಿಗ್ಗೆ ಐದೂವರೆಗೆ ಎದ್ದು, ಮೈಕೈ ನೋಯಿಸಿಕೊಂಡು, ರಾತ್ರಿ ಅನ್ನ ಕಡಿಮೆ ಮಾಡಿದ ಹೆಂಗಸಿಗೆ ಆ ಕೆಂಪು ಬಾಣ ನೋಡಿದರೆ ಹೇಗಾಗಬೇಡ?

ಜಿಮ್ಮಿನಲ್ಲಿ ಹೇಳಿಕೊಡುವ ಹುಡುಗಿ ಅಂದು ಒಂದು ಲೆಕ್ಕ ಹೇಳಿದಳು. 'ಅಕ್ಕಾ, ಒಂದು ಕೆಜಿ ಬೊಜ್ಜು ಸೇರಬೇಕು ಅಂದ್ರೆ ಖರ್ಚಾಗೋದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ನಿಮಗೆ 1.6 ಕೆಜಿ ಅಂದ್ರೆ 12 ಸಾವಿರದ ಮೇಲಾಯ್ತು. ದಿನಾ 900ರ ಹತ್ತಿರ ಜಾಸ್ತಿ. ತಿಂದಿದ್ದೀರಾ?' ಇಲ್ಲ, ಅಷ್ಟು ತಿಂದಿರಲಿಲ್ಲ. ಹಾಗಾದರೆ ಅದು ಬೊಜ್ಜಲ್ಲ, ಬಹುಪಾಲು ನೀರು ಅಂದಳು.

ಅಭ್ಯಾಸವಿಲ್ಲದ ಮೈ ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಮಾರನೆಯ ದಿನದಿಂದ ಎರಡು ಮೂರು ದಿನ ನೋವು ಇರುತ್ತದಲ್ಲ, ಅದು ಇದೇ. ಆ ಪೆಟ್ಟು ಮಾಯಲು ಅಲ್ಲಿ ನೀರು ತುಂಬಿಕೊಂಡು ಸ್ವಲ್ಪ ಊದುತ್ತದೆ. ಜೊತೆಗೆ, ದಿನಾ ದುಡಿಯುವ ಸ್ನಾಯು ತನ್ನೊಳಗೆ ಗ್ಲೈಕೋಜನ್ ಅನ್ನುವ ಸಕ್ಕರೆಯನ್ನು ಮೊದಲಿಗಿಂತ ಜಾಸ್ತಿ ಕೂಡಿಡುತ್ತದೆ. ಆ ಸಕ್ಕರೆ ಒಂದು ಗ್ರಾಂ ಇದ್ದ ಕಡೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ವಾಕಿಂಗಿನಂಥ ವ್ಯಾಯಾಮ ಶುರುವಾದರೆ ರಕ್ತದಲ್ಲಿನ ನೀರಿನ ಅಂಶ ಕೂಡ ಏರುತ್ತದೆ. ಇದರ ಮೇಲೆ ನಮ್ಮ ಊರಿನ ಬಿಸಿಲಿಗೆ ಕುಡಿಯುವ ನೀರು, ಮುಟ್ಟಿನ ಮುಂಚಿನ ದಿನಗಳಲ್ಲಿ ಮೈ ಹಿಡಿದಿಡುವ ನೀರು, ಉಪ್ಪಿನಕಾಯಿ ತಿಂದ ಮಾರನೆಯ ದಿನದ ನೀರು. ಎಲ್ಲ ಸೇರಿ ಒಂದೂವರೆ ಕೆಜಿ ಏರುವುದು ದೊಡ್ಡ ವಿಷಯವೇ ಅಲ್ಲ.

ಈ ಮಷೀನಿಗೆ ಇದು ಗೊತ್ತಾಗುವುದಿಲ್ಲವಾ? ಇಲ್ಲ. ಅದು ಬೊಜ್ಜನ್ನು ನೇರವಾಗಿ ಅಳೆಯುವುದೇ ಇಲ್ಲ. ಗಾಜಿನ ಮೇಲೆ ಲೋಹದ ಪಟ್ಟಿಗಳಿವೆ. ಬರಿಗಾಲಲ್ಲಿ ನಿಂತಾಗ ಅವುಗಳಿಂದ ನಮಗೆ ತಿಳಿಯದಷ್ಟು ಸಣ್ಣ ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ನೀರಿರುವ ಸ್ನಾಯುವಿನಲ್ಲಿ ಕರೆಂಟು ಸಲೀಸಾಗಿ ಹೋಗುತ್ತದೆ, ಬೊಜ್ಜಿನಲ್ಲಿ ಹೋಗುವುದಿಲ್ಲ. ಆ ಅಡ್ಡಿಯನ್ನು ನೋಡಿ, ನಾವು ತುಂಬಿದ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಅಂದಾಜು ಮಾಡುತ್ತದೆ. ಕರೆಂಟು ಓಡಾಡುವುದು ಮುಖ್ಯವಾಗಿ ಕಾಲುಗಳಲ್ಲಿ. ನಮ್ಮಂಥವರ ತೊಂದರೆ ಇರುವುದು ಹೊಟ್ಟೆಯಲ್ಲಿ!

ಮಗಳು ಮನೆಯಲ್ಲೇ ಪರೀಕ್ಷೆ ಮಾಡಿಸಿದಳು. ಒಮ್ಮೆ ಹತ್ತಿ ಇಳಿದೆ. ಒಂದು ಲೀಟರ್ ಬಾಟಲಿ ನೀರು ನಿಧಾನಕ್ಕೆ ಕುಡಿದು ಮತ್ತೆ ಹತ್ತಿದೆ. ತೂಕ ಒಂದು ಕೆಜಿ ಏರಿತು, ಅದು ಸರಿ. ಆದರೆ ಬೊಜ್ಜಿನ ಪರ್ಸೆಂಟೂ ಏರಿತು. ಬರೀ ನೀರು ಕುಡಿದದ್ದಕ್ಕೆ! ಕರೆಂಟಿನ ದಾರಿಯಲ್ಲಿ ಏನೂ ಬದಲಾಗಿರಲಿಲ್ಲ, ತೂಕ ಮಾತ್ರ ಜಾಸ್ತಿಯಾಗಿತ್ತು, ಅದನ್ನೂ ಬೊಜ್ಜಿನ ಕಡೆ ಎಣಿಸಿಬಿಟ್ಟಿತು. ಒದ್ದೆ ಕಾಲು, ಒಡೆದ ಒಣ ಹಿಮ್ಮಡಿ, ಆಗಷ್ಟೇ ಮಾಡಿದ ಸ್ನಾನ, ಎಲ್ಲಕ್ಕೂ ಅಂಕಿ ಬೇರೆ ಬೇರೆ ಬರುತ್ತದೆ. ಹಾಗಿದ್ದ ಮೇಲೆ ದಿನಾ ಕೆಂಪು ಬಾಣ ತೋರಿಸುವುದು ತಪ್ಪು. ನನಗೆ ಇದು ಸಿಟ್ಟು ಬರಿಸುವ ವಿಷಯ.

ಯಾಕೆ ಸಿಟ್ಟು ಅಂದರೆ, ನನ್ನ ಗಿರಾಕಿ ಒಬ್ಬರು ಇಂಥದ್ದೇ ಮಷೀನ್ ನೋಡಿ ವಾಕಿಂಗ್ ಬಿಟ್ಟರು. 'ನಡೆದಷ್ಟೂ ದಪ್ಪ ಆಗ್ತಿದೀನಿ ಅಕ್ಕಾ, ಸುಮ್ನೆ ಯಾಕೆ ನಿದ್ದೆ ಕೆಡಿಸ್ಕೊಳ್ಳೋದು' ಅಂದರು. ಬ್ಲೌಸಿಗೆ ಅಳತೆ ಕೊಡಲು ಬಂದಿದ್ದರು. ನಾನು ಅಳತೆ ಪುಸ್ತಕ ತೆಗೆದು ಹಳೆಯ ಪುಟ ಪಕ್ಕದಲ್ಲಿಟ್ಟುಕೊಂಡೇ ಟೇಪು ಹಿಡಿದೆ. ಎದೆಯ ಕೆಳಗಿನ ಪಟ್ಟಿಯ ಅಳತೆ ಒಂದು ಇಂಚು ಇಳಿದಿತ್ತು. ಅವರಿಗೆ ನಂಬಿಕೆ ಬರಲಿಲ್ಲ, ಎರಡನೇ ಸಲ ಅವರ ಕೈಯಲ್ಲೇ ಟೇಪಿನ ತುದಿ ಕೊಟ್ಟು ತೋರಿಸಿದೆ. ಮರುದಿನದಿಂದ ಮತ್ತೆ ನಡೆಯಲು ಹೋದರು.

ನನ್ನ ಮೈಯಲ್ಲೂ ಹಾಗೇ ಆಯಿತು. ಎರಡನೇ ತಿಂಗಳಿಗೆ ತೂಕ 68ರ ಆಸುಪಾಸಿಗೆ ಬಂದು ನಿಂತಿತು, ಹೆಚ್ಚು ಇಳಿಯಲಿಲ್ಲ. ಆದರೆ ಡಂಬೆಲ್ ಎತ್ತಿ ಬ್ಲೌಸಿನ ತೋಳು ಬಿಗಿಯಾಗಿ, ಒಳಗೆ ಬಿಟ್ಟಿದ್ದ ಮಾರ್ಜಿನ್ ಬಿಚ್ಚಬೇಕಾಯಿತು. ಸೊಂಟದಲ್ಲಿ ಮಾತ್ರ ಒಂದೂವರೆ ಇಂಚು ಒಳಗೆ ಹಿಡಿದು ಹೊಲಿದೆ. ಒಂದೇ ತೂಕದ ಬೊಜ್ಜಿಗಿಂತ ಸ್ನಾಯು ಕಡಿಮೆ ಜಾಗ ಹಿಡಿಯುತ್ತದೆ, ಅದಕ್ಕೇ ತೂಕ ಕದಲದಿದ್ದರೂ ಬಟ್ಟೆ ಸಡಿಲವಾಗುತ್ತದೆ.

ಎಲ್ಲ ಏರಿಕೆಯೂ ನೀರು ಅಂತ ಮಾತ್ರ ತಿಳಿಯಬೇಡಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 150 ಕ್ಯಾಲೊರಿ. ವಾಕಿಂಗ್ ಮುಗಿಸಿ ಒಂದು ಬೆಣ್ಣೆ ದೋಸೆ ತಿಂದರೆ ಅಷ್ಟೂ ವಾಪಸ್ ಬಂತು, ಮೇಲೂ ಬಂತು. ದಾವಣಗೆರೆಯಲ್ಲಿದ್ದುಕೊಂಡು ದೋಸೆ ಬಿಡಿ ಅಂತ ಹೇಳುವವಳು ನಾನಲ್ಲ, ಭಾನುವಾರಕ್ಕೆ ಇಟ್ಟುಕೊಳ್ಳಿ. ತಿಂಗಳು ಎರಡು ತಿಂಗಳಾದರೂ ತೂಕವೂ ಸೊಂಟವೂ ಎರಡೂ ಏರುತ್ತಲೇ ಇದ್ದರೆ ಊಟ ನೋಡಿಕೊಳ್ಳಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕಾಲು ಊದಿಕೊಂಡು, ಉಸಿರು ಕಟ್ಟಿ ತೂಕ ಏರಿದರೆ ಕಾಯಬೇಡಿ, ಅಂದೇ ಡಾಕ್ಟರ ಹತ್ತಿರ ಹೋಗಿ.

ಈ ಮಷೀನ್ ಯಾರಿಗೆ ಬೇಡ? ಎದೆಯೊಳಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಲೇಬಾರದು, ಕರೆಂಟು ಹರಿಯುತ್ತದಲ್ಲ. ಗರ್ಭಿಣಿಯರೂ ಬಳಸಬಾರದು ಎಂದು ಜೊತೆಗೆ ಬರುವ ಹಾಳೆಯಲ್ಲೇ ಬರೆದಿದೆ, ಅಕ್ಷರ ಮಾತ್ರ ತೀರಾ ಸಣ್ಣದು. ಅಂಕಿ ನೋಡಿ ಊಟ ಬಿಡುವ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಗೂ ನಾನು ಬೇಡ ಅನ್ನುತ್ತೇನೆ. ಈಗಾಗಲೇ ಕೊಂಡಿದ್ದರೆ ವಾರಕ್ಕೆ ಒಂದೇ ಸಲ, ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಏನೂ ತಿನ್ನುವ ಮುಂಚೆ ಹತ್ತಿ. ಆ್ಯಪ್ ತೆಗೆಯದೆಯೂ ಗಾಜಿನ ಮೇಲೆ ತೂಕ ಕಾಣುತ್ತದೆ. ನಾನು ಆ್ಯಪ್ ಅಳಿಸಿದ್ದೇನೆ. ಹೊಸದಾಗಿ ಕೊಳ್ಳುವವರು ಬರೀ ತೂಕ ತೋರಿಸುವ ಮಷೀನ್ ತೆಗೆದುಕೊಂಡರೆ ಸಾಕು, ಸುಮಾರು ಅರ್ಧ ಬೆಲೆಗೆ ಸಿಗುತ್ತದೆ.

ಜೊತೆಗೊಂದು ಟೇಪು ಇರಲಿ. ಸೊಂಟದ ಸುತ್ತಳತೆಯನ್ನು ಲಂಗದ ಲಾಡಿ ಕಟ್ಟುವ ಜಾಗದಲ್ಲಿ ತೆಗೆಯಬೇಡಿ, ಅದು ಬಟ್ಟೆಯ ಅಳತೆ. ಪಕ್ಕೆಯ ಕೊನೆಯ ಮೂಳೆಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ ತೆಗೆಯಿರಿ. ನಮ್ಮ ದೇಶದ ಹೆಂಗಸರಿಗೆ ಅದು 80 ಸೆಂಟಿಮೀಟರ್, ಅಂದರೆ 31.5 ಇಂಚು, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು ಎಂದು ಡಾಕ್ಟರುಗಳು ಹೇಳುತ್ತಾರೆ. ಮನೆಯಲ್ಲಿರುವ ಹಳೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಮಕ್ಕಳ ಸ್ಟೀಲ್ ಸ್ಕೇಲಿಗೆ ಹಿಡಿದು ನೋಡಿ. ಸರಿ ಬರದಿದ್ದರೆ ಹೊಸದು ತನ್ನಿ, ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ.